ಹಿತ್ತಲಿನ ಜನರೇಟರ್

“ಅಲ್ಲೇ ನಿಂದರ್ರಿ ಸರ್! ಒಳಗ ಒಯ್ಯಬ್ಯಾಡ್ರಿ ಅದನ್ನ!”

ಪ್ರಣಿತಾ ಕೂಗುವಷ್ಟರಲ್ಲಿ ಜನರೇಟರ್ ಅರ್ಧ ಹೊಸ್ತಿಲು ದಾಟಿತ್ತು. ಒಂದು ಬದಿಗೆ ಟಂಟಂ ಓಡಿಸುವ ಸಚಿನ, ಇನ್ನೊಂದು ಬದಿಗೆ ಎಪ್ಪತ್ತೆರಡು ವರ್ಷದ ರಘೋತ್ತಮ ಮಾಸ್ತರರು ಹಿಡಿದಿದ್ದರು. ಮಾಸ್ತರರ ಧೋತರದ ಚುಂಗು ಬಿಚ್ಚಿ ಕಾಲಿಗೆ ತೊಡರುತ್ತಿತ್ತು. ಆದರೂ ಕೈ ಬಿಟ್ಟಿರಲಿಲ್ಲ.

“ಒಳಗಲ್ದ ಎಲ್ಲಿಡ್ಲಿ? ಬೀದ್ಯಾಗ? ಸಂಜೀಕ ಮತ್ತ ಮಳಿ ಬಂತಂದ್ರ?” ಎಂದರು ಅವರು, ಏದುಸಿರು ಬಿಡುತ್ತ. “ಪಡಸಾಲ್ಯಾಗ ಜಾಗಾ ಮಾಡೇನಿ. ಕೆಳಗ ಗೋಣಿತಟ್ಟ ಹಾಸೇನಿ. ಬಾಜೂಕ ಆಕೀ ಮಂಚ. ವೈರ್ ಸುದ್ದಾ ಉದ್ದ ಬೇಕಾಗೂದಿಲ್ಲ.”

“ಅದರ ಹೊಗಿ ಎಲ್ಲಿ ಹೋಗಬೇಕ್ರಿ?”

“ಕಿಟಕಿ ತೆರದಿಡೋಣ.”

“ಕಿಟಕಿ ಸಾಲೂದಿಲ್ರಿ ಸರ್. ಇದರ ಹೊಗ್ಯಾಗ ಒಂದು ವಿಷಾ ಇರತೈತಿ. ವಾಸನಿ ಇಲ್ಲ, ಕಣ್ಣಿಗೆ ಕಾಣೂದಿಲ್ಲ. ಗಟ್ಟಿಮುಟ್ಟ ಇದ್ದವರನ್ನ ಮಲಗಿದಲ್ಲೇ ಮಲಗಿಸಿ ಬಿಡತೈತಿ. ಅಮ್ಮಾರ ಪುಪ್ಪುಸ ಮೊದಲ ದಣದಾವು.”

ಮಾಸ್ತರರು ಜನರೇಟರನ್ನು ಹೊಸ್ತಿಲ ಮೇಲೆಯೇ ಇಳಿಸಿದರು. ಬೆಳಿಗ್ಗೆಯಿಂದ ಆ ಪಡಸಾಲೆಯನ್ನು ಅವರೇ ಗುಡಿಸಿ, ಸ್ಟೂಲು ಸರಿಸಿ, ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಹೆಂಡತಿಯ ಮಂಚದಿಂದ ಮೂರು ಹೆಜ್ಜೆ ದೂರಕ್ಕೆ.

ಹಿಂದಿನ ಸಂಜೆ ಎದ್ದ ಗಾಳಿಗೆ ದೊಡವಾಡದ ಸುತ್ತ ಹನ್ನೊಂದು ಕಂಬಗಳು ಉರುಳಿದ್ದವು. ಕರೆಂಟು ನಾಳೆಯೋ ನಾಡಿದ್ದೋ ಎನ್ನುತ್ತಿದ್ದರು. ರಾಧಾಬಾಯಿಗೆ ಎರಡು ವರ್ಷದಿಂದ ಆಕ್ಸಿಜನ್ ಮಷೀನಿನ ಆಸರೆ. ಕರೆಂಟು ಹೋದರೆ ಇರಲೆಂದು ಇಟ್ಟುಕೊಂಡಿದ್ದ ಎರಡು ಸಿಲಿಂಡರುಗಳಲ್ಲಿ ಒಂದು ಬೆಳಗಿನ ಜಾವಕ್ಕೇ ಬರಿದಾಗಿತ್ತು. ಎರಡನೆಯದರ ಮುಳ್ಳು ಈಗ ಕೆಂಪು ಗೆರೆಯ ಕಡೆಗೆ ವಾಲಿತ್ತು. ಧಾರವಾಡದಿಂದ ಸಿಲಿಂಡರ್ ಬರುವುದು ಮಾರನೆಯ ದಿನ. ಆಸ್ಪತ್ರೆಗೆ ಹೋಗೋಣವೆಂದರೆ ರಾಧಾಬಾಯಿ ಒಲ್ಲೆ ಎನ್ನುತ್ತಿದ್ದರು. ಮಾಸ್ತರರು ಬೈಲಹೊಂಗಲದ ಅಂಗಡಿಗೆ ಫೋನು ಮಾಡಿದ್ದರು. ಫೋನು ಎತ್ತಿದವಳು ಪ್ರಣಿತಾ.

ಅವಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಆ ಅಂಗಡಿ ಸೇರಿ ಮೂರು ವರ್ಷವಾಗಿತ್ತು. ಪಂಪು, ಮೋಟರು, ಸ್ಟಾರ್ಟರು ಎಲ್ಲ ಅವಳ ಕೈಯಲ್ಲಿ ಪಳಗಿದ್ದವು. ಆದರೂ ಗಿರಾಕಿಗಳು ಒಳಗೆ ಬಂದು, ಅವಳನ್ನು ನೋಡಿ, “ಮಾಲಕರಿಲ್ಲೇನು?” ಎಂದೇ ಮಾತು ಶುರು ಮಾಡುತ್ತಿದ್ದರು. ಅದು ಅವಳಿಗೆ ರೂಢಿಯಾಗಿ ಹೋಗಿತ್ತು.

ಅವಳು ಮೊದಲು ಸಿಲಿಂಡರಿನ ಮುಳ್ಳು ನೋಡಿದಳು. ಎರಡು ತಾಸು, ಹೆಚ್ಚೆಂದರೆ ಎರಡೂವರೆ. ಹೊರಗೆ ಬಂದು ಸಚಿನನಿಗೆ ಮೆಲ್ಲಗೆ ಹೇಳಿದಳು: “ನೀ ಹೋಗಬ್ಯಾಡೋ. ಗಾಡಿ ತಿರುಗಿಸಿ ನಿಲ್ಲಿಸು. ನಾಲ್ಕೂವರಿ ಒಳಗ ಇದು ಹೊಂದಲಿಲ್ಲಂದ್ರ ಅಮ್ಮಾರನ್ನ ಸಿಲಿಂಡರ್ ಸಮೇತ ಆಸ್ಪತ್ರಿಗೆ ಒಯ್ಯೋದೈತಿ, ಅವರು ಏನರ ಅನ್ನಲಿ.”

ಸಚಿನ ತಲೆಯಾಡಿಸಿ ಗಾಡಿಯನ್ನು ಬೇವಿನ ನೆರಳಿಗೆ ಒಯ್ದ.

ಅವಳು ಒಳಗೆ ಬಂದಾಗ ಮಾಸ್ತರರು ಜನರೇಟರಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಕನ್ನಡಕ ಏರಿಸಿ, ಅದರ ಪಟ್ಟಿ ಓದುತ್ತಿದ್ದರು.

“ನಾ ಫೋನಿನ್ಯಾಗ ಐದು ಕೆವಿಎ ಅಂದಿದ್ದೆ. ಇದು ಎರಡೂ ಚಿಲ್ಲರೆ ಅದ.”

“ಹೌದ್ರಿ. ನಾನ ಇದನ್ನ ಆರಿಸಿ ತಂದೇನಿ.”

“ನನ್ನ ಕೇಳದ?”

“ಕೇಳಿದ್ನೆಲ್ರಿ, ಯಾವ್ಯಾವು ನಡೀಬೇಕ್ರಿ ಅಂತ. ಎಲ್ಲಾ ಅಂದ್ರಿ ನೀವು. ಎಲ್ಲಾ ಅಂದ್ರ ಎಷ್ಟು ಅಂತ ಈಗ ಕೂಡಿಸೋಣ ಬರ್ರಿ.”

ಕೂಡಿಸುವ ಮಾತು ಬಂದದ್ದೇ ಮಾಸ್ತರರ ಮೋರೆಯಲ್ಲಿ ಏನೋ ಬದಲಾಯಿತು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಗೂಡಿನಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆದು ಅವಳ ಕೈಗಿಟ್ಟರು. ಪ್ರಣಿತಾ ಪಡಸಾಲೆಯ ಫರಸಿಯ ಮೇಲೆ ಕುಳಿತು ಬರೆಯತೊಡಗಿದಳು. ಆಕ್ಸಿಜನ್ ಮಷೀನು ಮುನ್ನೂರೈವತ್ತು. ಫ್ರಿಜ್ಜು ನೂರೈವತ್ತು. ಮೇಜಿನ ಫ್ಯಾನು ಅರವತ್ತು. ಎರಡು ಬಲ್ಬಿಗೆ ಇಪ್ಪತ್ತು. ಟಿ.ವಿ. ಎಂಬತ್ತು. ಬೋರಿನಿಂದ ಮೇಲಿನ ಟಾಕಿಗೆ ನೀರು ಏರಿಸುವ ಮೋಟರು ಒಂದು ಎಚ್.ಪಿ., ಅಂದರೆ ಹತ್ತಿರಹತ್ತಿರ ಸಾವಿರ.

“ಸಾವಿರದಾ ಆರನೂರಾ ಅರವತ್ತು,” ಎಂದರು ಮಾಸ್ತರರು, ಅವಳು ಗೆರೆ ಎಳೆಯುವ ಮೊದಲೇ. “ನಿನ್ನ ಮಷೀನಿನ ಮ್ಯಾಲೆ ಎರಡು ಸಾವಿರದಾ ಎರಡನೂರು ವಾಟ್ ಅಂತ ಬರದಾರ. ಹಂಗಾದ್ರ ಎಲ್ಲಾ ಹಿಡೀತದಲ್ಲ. ನೀ ತಂದದ್ದು ಬರೋಬ್ಬರಿ ಅದ, ತೊಗೋ.”

“ಇಲ್ರಿ. ಈ ಎರಡು ಸಾವಿರದಾ ಎರಡನೂರು ಐತೆಲ್ರಿ, ಅದು ಓಡಿ ಬಸ್ ಹಿಡಿದಂಗ. ಸ್ವಲ್ಪ ಹೊತ್ತು ಓಡಬಹುದು. ದಿನಾ ಪೂರ್ತಿ ಓಡಾಕ ಆಗೂದಿಲ್ಲ. ದಿನಾ ಪೂರ್ತಿ ನಡಿಯೋ ಶಕ್ತಿ ಇದಕ್ಕ ಸಾವಿರದಾ ಎಂಟನೂರು. ಅದರಾಗೂ ಕಾಲು ಭಾಗ ಬಿಟ್ಟು ಮುಕ್ಕಾಲು ಹೇರಿದ್ರ ಬಾಳಿಕಿ ಬರತೈತಿ.”

“ಸಾವಿರದಾ ಮುನ್ನೂರಾ ಐವತ್ತು.”

“ಹೌದ್ರಿ. ಇನ್ನ ಈ ಮೋಟರ್ ನೋಡ್ರಿ. ತಿರಗಾಕ ಹತ್ತಿದ ಮ್ಯಾಲೆ ಸಾವಿರ. ಆದ್ರ ನಿಂತದ್ದು ಏಳೂ ಮುಂದ ಮೂರು ಪಟ್ಟು ಕೇಳತೈತಿ. ಹೇರಿನ ಗಾಡಿ ಕೆಸರಾಗಿಂದ ಮ್ಯಾಲೆ ಏಳಬೇಕಾದ್ರ ಎತ್ತು ಹೆಂಗ ಮಣಕಾಲ ಊರತಾವ, ಹಂಗ.”

ಮಾಸ್ತರರು ಸಾವಿರದ ಮುಂದೆ ತಾವೇ ಮೂರರ ಗುಣಾಕಾರ ಹಾಕಿದರು. ಮೂರು ಸಾವಿರ. ಅದರ ಕೆಳಗೆ ಗೆರೆ ಎಳೆದರು.

“ಅಂದ್ರ ಇಕೀ ಮಷೀನ್ ನಡದಾಗ ನಾ ನೀರಿನ ಮೋಟರ್ ಹಾಕಿದೆ ಅನ್ನು—”

“ಎಳಿಯಾಕ ಆಗಲಾರ್ದ ಜನರೇಟರ್ ನಿಲ್ಲತೈತಿ. ಅಮ್ಮಾರ ಮಷೀನೂ ನಿಲ್ಲತೈತಿ.”

“ಅದಕ್ಕ ಅಲ್ಲೇನವಾ ನಾ ಐದು ಕೇಳಿದ್ದು?”

“ಐದರದ್ದು ಎರಡಾಳು ಎತ್ತೋದಲ್ರಿ. ಒಂದು ಹತ್ತು ನಿಮಿಷ ನೀರು ಏರಸಾಕ ಅಷ್ಟು ದೊಡ್ಡದನ್ನ ಇಡೀ ದಿನಾ ಉರಿಸಿದ್ರ ಪೆಟ್ರೋಲ್ ಸುಮ್ಮನ ಕುಡೀತೈತಿ. ಎರಡು ತಾಸಿಗೊಮ್ಮೆ ಕ್ಯಾನ್ ಹೊತ್ಕೊಂಡ್ ನೀವ ತಿರಗಬೇಕು. ನೀರು ನಾಕು ಕೊಡ ಸಚಿನ ತಂದು ಹಾಕತಾನ. ಗಾಳಿ ತಂದು ಹಾಕಾಕ ಆಗೂದಿಲ್ಲಲ್ರಿ ಸರ್.”

ಮಂಚದ ಕಡೆಯಿಂದ ಸಣ್ಣಗೆ ನಗೆ ಕೇಳಿಸಿತು. ರಾಧಾಬಾಯಿ ದಿಂಬಿಗೆ ಒರಗಿ ಕುಳಿತು, ಮೂಗಿನ ನಳಿಗೆಯನ್ನು ಬೆರಳಿನಿಂದ ಸರಿಪಡಿಸಿಕೊಳ್ಳುತ್ತ ಇವರಿಬ್ಬರನ್ನೂ ನೋಡುತ್ತಿದ್ದರು. ಅವರ ಮಾತು ಮೂರು ನಾಲ್ಕು ಪದಕ್ಕೊಮ್ಮೆ ತಡೆಯುತ್ತಿತ್ತು.

“ಇಬ್ಬರೂ ಲೆಕ್ಕಾ... ಮಾಡ್ಲಿಕ್ಕೆ ಹತ್ತೀರಿ. ನನಗೇನು ಬೇಕು ಅಂತ... ಯಾರೂ ಕೇಳವಲ್ಲಿರಿ. ಆ ಟಿ.ವಿ. ತಗೀರಿ ಮೊದಲ. ಅದನ್ನ ನೋಡೋದು... ಇವರು.”

ಮಾಸ್ತರರು ಬಾಗಿ, ಟಿ.ವಿ.ಯ ಎಂಬತ್ತನ್ನು ಅಂಗೈಯಿಂದ ಒರೆಸಿಬಿಟ್ಟರು. ಮೋಟರಿನ ಸಾವಿರವನ್ನು ಪ್ರಣಿತಾ ಒರೆಸಿದಳು. ಐದುನೂರ ಎಂಬತ್ತು ಉಳಿಯಿತು. ಫ್ರಿಜ್ಜು ಏಳುವಾಗ ಕೇಳುವುದನ್ನು ಹಿಡಿದರೂ ಸಾವಿರದ ಆಸುಪಾಸು. ಲೆಕ್ಕ ಹೊಂದಿತು. ಲೆಕ್ಕ ಹೊಂದಿದರೆ ಮಾಸ್ತರರ ತಕರಾರು ಇರುತ್ತಿರಲಿಲ್ಲ. ಅವರು ಎದ್ದು ಧೋತರ ಸರಿಪಡಿಸಿಕೊಂಡರು.

“ಹಂಗಾದ್ರ ಇನ್ನ ತಡಾ ಯಾಕ? ಜೋಡಿಸೋ ವೈರೂ ತಯಾರ ಮಾಡ್ಸೇನಿ, ನೋಡಿಲ್ಲೆ.”

ಗೋಡೆಯ ಪ್ಲಗ್ಗಿನಲ್ಲಿ ಸಿಕ್ಕಿಸಿದ್ದ ಹಳದಿ ವೈರೊಂದು ಖುರ್ಚಿಯ ಬೆನ್ನಿನ ತನಕ ಬಂದಿತ್ತು. ಖುರ್ಚಿಯ ಮೇಲೆ ಇಳಿಬಿದ್ದ ಅದರ ಇನ್ನೊಂದು ತುದಿಯಲ್ಲೂ ಪಿನ್ನು. ಮೂರು ಹಿತ್ತಾಳೆಯ ಹಲ್ಲುಗಳು ಬತ್ತಲೆಯಾಗಿ ಹೊಳೆಯುತ್ತಿದ್ದವು. ಜನರೇಟರಿನಲ್ಲಿ ಒಂದು ಪಿನ್ನು, ಗೋಡೆಯಲ್ಲಿ ಒಂದು ಪಿನ್ನು ಹಾಕಿದರೆ ಇಡೀ ಮನೆಗೆ ಕರೆಂಟು ಹರಿಯುತ್ತದೆಂದು ಊರಿನ ವೈರಮನ್ ಒಬ್ಬ ಬೆಳಿಗ್ಗೆ ಮಾಡಿಕೊಟ್ಟು ಹೋಗಿದ್ದ.

ಪ್ರಣಿತಾ ಆ ಪಿನ್ನನ್ನು ಬಾಗಿ ನೋಡಿದಳು. ದನಿ ಏರಿಸಲಿಲ್ಲ.

“ಸರ್, ಮನಿಗೆ ಹರಿದದ್ದು ಮನ್ಯಾಗ ನಿಲ್ಲೂದಿಲ್ರಿ. ಮೀಟರ್ ದಾಟಿ ಕಂಬಕ್ಕ ಹೋಗತೈತಿ. ಟ್ರಾನ್ಸ್‌ಫಾರ್ಮರ್‌ದಾಗ ಉಲ್ಟಾ ಹೊಕ್ಕು ಸಾವಿರಗಟ್ಟಲೆ ವೋಲ್ಟ್ ಆಗತೈತಿ. ಲೈನ್ ಸತ್ತೈತಿ ಅಂತ ತಿಳಕೊಂಡು ಅಲ್ಲಿ ಒಬ್ಬಾಂವ ತಂತಿ ಹಿಡದಿರತಾನ.”

“ಅಷ್ಟು ತಿಳಿಯಂಗಿಲ್ಲೇನ ನನಗ? ಮೇನ್ ಸ್ವಿಚ್ ಬಂದ್ ಮಾಡಿದ್ರ ಹೊರಗ ಹ್ಯಾಂಗ ಹೋಗತದ? ವೈರಮನ್ ಹೇಳ್ಯಾನ. ಮುಂಜಾನೆನ ಬಂದ್ ಮಾಡಿಟ್ಟೇನಿ.”

“ಒಂದ್ ದಿನಾ ಮರತ್ರಿ ಅಂದ್ರ?”

“ಮರಿಯೋದು? ನಾನು?” ಮಾಸ್ತರರಿಗೆ ನಿಜವಾಗಿಯೂ ನೋವಾದಂತೆ ಕಂಡಿತು. “ಎಪ್ಪತ್ತೊಂಬತ್ತನೇ ಇಸವಿ ಬ್ಯಾಚಿನ ಹಾಜರಿ ಪಟ್ಟಿ ಹೇಳ್ತೇನಿ, ಬೇಕಾದ್ರ ಈಗ ಕೇಳು.”

“ಬ್ಯಾಡ್ರಿ. ಮೇನ್ ಸ್ವಿಚ್ ಎಲ್ಲೈತಿ ತೋರಸ್ರಿ.”

ಮೇನ್ ಸ್ವಿಚ್ಚು ಪಡಸಾಲೆಯ ಬಾಗಿಲ ಹಿಂದೆ, ಕೊಡೆ ತೂಗುಹಾಕುವ ಗೂಟದ ಮೇಲಿತ್ತು. ಮಾಸ್ತರರು ಕೊಡೆ ಸರಿಸಿದರು. ಹಿಡಿಕೆ ಮೇಲಕ್ಕಿತ್ತು.

ಸ್ವಿಚ್ಚು ಚಾಲೂ ಇತ್ತು.

ಮಾಸ್ತರರು ಕೊಡೆಯನ್ನು ಕೈಯಲ್ಲೇ ಹಿಡಿದು ಬೆಳಗಿನದನ್ನು ನೆನೆಸಿಕೊಂಡರು.

“ಹನ್ನೊಂದಕ್ಕ... ಓಣಿ ಮಂದಿ ಕರೆಂಟ್ ಬಂತು ಅಂದ್ರು. ಖರೇನೋ ಏನೋ ನೋಡ್ಲಿಕ್ಕೆ ಹಾಕಿದೆ. ಬಂದಿರಲಿಲ್ಲ. ಆ ಮ್ಯಾಲೆ ಇಕೀ ಕೆಮ್ಮಿದಳು, ನೀರು ಕೊಡ್ಲಿಕ್ಕೆ ಹೋದೆ...”

“ಅಂವ ಮತ್ತ... ಹತ್ಯಾನ ನೋಡ್ರಿ,” ಎಂದರು ರಾಧಾಬಾಯಿ ಮಂಚದಿಂದ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. “ಬಸ್ ಸ್ಟ್ಯಾಂಡ್ ಮೂಲಿ ಕಂಬಾ. ಮುಂಜಾನಿಂದ... ಮೂರನೇ ಸಲ. ಊಟ ಮಾಡ್ಯಾನೋ... ಇಲ್ಲೋ.”

ಮಾಸ್ತರರು ಕಿಟಕಿಗೆ ಬಂದರು. ಬೀದಿಯ ಕೊನೆಯ ಕಂಬದ ಮೇಲೆ ಒಬ್ಬ ಲೈನ್‌ಮನ್ ಬೆಲ್ಟು ಬಿಗಿದುಕೊಂಡು, ಬರಿಗೈಯಲ್ಲಿ ತಂತಿಯನ್ನು ಎಳೆದು ಸುತ್ತುತ್ತಿದ್ದ. ಕೆಳಗೆ ಇಬ್ಬರು ಹಗ್ಗ ಹಿಡಿದು ನಿಂತಿದ್ದರು.

“ಪರಶ್ಯಾ ಅಲ್ಲೇನ ಅಂವ?” ಕಣ್ಣು ಕಿರಿದು ಮಾಡಿ ಮಾಸ್ತರರು ಅಂದರು. “ಎಸೆಸೆಲ್ಸಿ ಗಣಿತಕ್ಕ ಎರಡು ಸಲ ಕುಂತಾಂವ?”

“ಹೌದ್ರಿ,” ಎಂದಳು ಪ್ರಣಿತಾ. “ನಮ್ಮಣ್ಣ.”

ಮಾಸ್ತರರು ಕಿಟಕಿಯ ಸರಳು ಹಿಡಿದು ಕಂಬದ ಕಡೆಗೆ ಬಾಗಿದರು. ಮೇಲಿನವನು ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದು ಕೈಯಿಂದ ಇಕ್ಕಳ ತೆಗೆಯುತ್ತಿದ್ದ. ಅಷ್ಟು ದೂರದಿಂದಲೂ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಮಾಸ್ತರರು ತಾವಾಗಿ ಹೋಗಿ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆದರು. ಗೋಡೆಯಿಂದ ಹಳದಿ ವೈರನ್ನು ಕಿತ್ತು ಅವಳ ಮುಂದೆ ಹಿಡಿದರು.

“ಕತ್ತರಿಸು ಇದನ್ನ. ನಡುವ ಅಲ್ಲ, ಇನ್ನೊಮ್ಮೆ ಯಾರೂ ಕೂಡಿಸಬಾರದು, ಹಂಗ.”

ಪ್ರಣಿತಾ ಎರಡೂ ಪಿನ್ನುಗಳನ್ನು ಬುಡಕ್ಕೇ ಕತ್ತರಿಸಿದಳು.

ಆಗಲೇ ಅವಳ ಫೋನು ಗುಣುಗುಟ್ಟಿತು. ಅಂಗಡಿಯ ಮಾಲೀಕ ಲಗಮಪ್ಪ.

“ಪ್ರಣಿತಾ, ಸಾಮಾನ ಇಳಿಸಿ ಬಾ ಅಂದ್ರ ಅಲ್ಲೇ ಬೀಗತಿ ಆಗಿ ಕುಂತೇನ? ಇಲ್ಲಿ ಆರು ಮಂದಿ ಬಂದು ನಿಂತಾರ.”

“ಇಲ್ಲಿ ಜೋಡಿಸಿ, ನಡಸಿ ನೋಡಿನ ಬರತೇನ್ರಿ. ಅಮ್ಮಾರ ಉಸರಿನ ಮಷೀನ್ ಐತಿ. ಹಂಗ ಕೊಟ್ಟು ಬರಾಕ ಆಗೂದಿಲ್ಲ.”

ಆಚೆ ಕಡೆ ಲಗಮಪ್ಪ ಯಾರಿಗೋ ಏನೋ ಹೇಳಿ, ಮತ್ತೆ ಫೋನಿಗೆ ಬಂದ. “ಆತು, ಇರು. ಗಡಿಬಿಡಿ ಮಾಡಬ್ಯಾಡ. ಆ ಅಮ್ಮಗ ಹೆಂಗೈತಿ?”

ಹಿತ್ತಲು ದೊಡ್ಡದಿತ್ತು. ಬಾವಿಯಾಚೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮನೆಯಿಂದ ಮೂವತ್ತು ಹೆಜ್ಜೆಯ ಮೇಲೆ, ಪ್ರಣಿತಾ ಜಾಗ ಗೊತ್ತು ಮಾಡಿದಳು. ಒಂದು ಹಿಡಿ ಒಣಮಣ್ಣು ಎತ್ತಿ ಬಿಟ್ಟಳು. ಗಾಳಿ ಪಶ್ಚಿಮದಿಂದ ಬೀಸಿ ಮಣ್ಣನ್ನು ಹೊಲದ ಕಡೆಗೆ ಒಯ್ಯಿತು. ಹೊಗೆಯ ಕೊಳವೆಯನ್ನು ಹೊಲಕ್ಕೆ ಮುಖ ಮಾಡಿಸಿದಳು. ಸಚಿನ ನಾಲ್ಕು ಗೂಟ ನೆಟ್ಟು ಮೇಲೊಂದು ತಗಡಿನ ಪತ್ರಾಸು ಹೊದಿಸಿದ. ಸುತ್ತಲೂ ಗಾಳಿ ಆಡಬೇಕು, ಮೇಲಿನಿಂದ ಮಾತ್ರ ನೀರು ಬೀಳಬಾರದು.

ಉಳಿದದ್ದು ವೈರು. ಅವಳು ತಂದಿದ್ದ ದಪ್ಪ ವೈರಿನ ಸುರುಳಿಯನ್ನು ಬಿಚ್ಚುತ್ತ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಮುಂದೆ ಅಡುಗೆಮನೆ, ಅದರ ಮೂಲೆಯಲ್ಲಿ ದೇವರ ಗೂಡು. ಅವಳ ಅಜ್ಜಿ ಶೆಟ್ಟೆವ್ವ ಇದೇ ಹಿತ್ತಲಿಗೆ ಎಷ್ಟೋ ವರ್ಷ ಸೆಗಣಿ ಬಳಿಯಲು ಬಂದವಳು. ಈ ಬಾಗಿಲಿನಾಚೆ ಏನಿದೆಯೆಂದು ಅವಳಿಗೆ ಕೊನೆಯತನಕ ಗೊತ್ತಿರಲಿಲ್ಲ. ಪ್ರಣಿತಾ ಗೋಡೆಯ ಹೊರಗಿನಿಂದ ಬಳಸಿ ಒಯ್ದರೆ ವೈರು ಸಾಲುತ್ತದೆಯೇ ಎಂದು ಕಣ್ಣಳತೆ ಮಾಡಿದಳು.

“ಯಾಕ ನಿಂತಿ?” ಒಳಗಿನಿಂದ ರಾಧಾಬಾಯಿಯ ದನಿ ಬಂತು. ಮಂಚದಿಂದ ಅವರಿಗೆ ಹಿತ್ತಲ ಬಾಗಿಲ ತನಕ ನೇರ ಕಾಣುತ್ತಿತ್ತು. “ಅಡಗಿಮನಿ ಒಳಗಿಂದ ತೊಗೊಂಡ ಬಾರವಾ. ಅದ... ಸಮೀಪದ ಹಾದಿ.”

ಪ್ರಣಿತಾ ಚಪ್ಪಲಿ ಕಳಚಿ, ವೈರು ಎಳೆಯುತ್ತ ಒಳಗೆ ನಡೆದಳು.

ಮೂರೂಮುಕ್ಕಾಲಿಗೆ ಅವಳು ಜನರೇಟರಿನ ಹಗ್ಗ ಜಗ್ಗಿದಳು. ಮೊದಲ ಸಲ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲಕ್ಕೂ ಅಷ್ಟೇ. ಮಾಸ್ತರರು ಕೈ ಹಿಸುಕಿಕೊಂಡರು. ಅವಳು ಪೆಟ್ರೋಲಿನ ವಾಲ್ವ್ ತಿರುಗಿಸಿ, ಉಸಿರು ಬಿಟ್ಟು, ಮೂರನೆಯ ಸಲ ಜಗ್ಗಿದಾಗ ಅದು ಗುರುಗುಟ್ಟಿ ಹಿಡಿದುಕೊಂಡಿತು. ಏನನ್ನೂ ಜೋಡಿಸದೆ ಐದು ನಿಮಿಷ ಹಾಗೇ ಬಿಟ್ಟಳು. ದನಿ ಸಮವಾದ ಮೇಲೆ ಮೀಟರು ಹಿಡಿದು ನೋಡಿದಳು. ಇನ್ನೂರ ಇಪ್ಪತ್ತೆಂಟು ವೋಲ್ಟು.

“ಮೊದಲಿಗೆ ಅಮ್ಮಾರ ಮಷೀನ್. ಅದು ನೆಲಿ ನಿಂತ ಮ್ಯಾಲೆ ಫ್ರಿಜ್. ಅದು ಎದ್ದ ಮ್ಯಾಲೆ ಫ್ಯಾನು, ಬಲ್ಬು. ಒಮ್ಮೆಲೇ ಎಲ್ಲಾ ಅಲ್ಲ. ಬಂದ್ ಮಾಡೂ ಮುಂದ ಉಲ್ಟಾ.”

“ಪೆಟ್ರೋಲ್ ತೀರಿದ್ರ?”

“ತೀರೂ ಮೊದಲ ಬಂದ್ ಮಾಡ್ರಿ. ಹತ್ತು ನಿಮಿಷ ಆರಲಿ, ಬಿಸಿ ಇದ್ದಾಗ ಹಾಕಬ್ಯಾಡ್ರಿ. ಅಷ್ಟೊತ್ತಿಗೆ ಅಂತ ಸಿಲಿಂಡರ್‌ದಾಗ ಉಳದದ್ದು ಇಟ್ಕೊಳ್ರಿ. ಕ್ಯಾನ್ ಮಾತ್ರ ಮನಿ ಒಳಗ ತರಬ್ಯಾಡ್ರಿ.”

ಆಕ್ಸಿಜನ್ ಮಷೀನು ಚಾಲೂ ಆದಾಗ ಕೀಂ ಎಂದು ಕೂಗಿತು. ಹಿತ್ತಲಿನ ದನಿ ಒಂದು ಕ್ಷಣ ಕುಗ್ಗಿ ಮತ್ತೆ ಮೇಲೆದ್ದಿತು. ಮಷೀನು ಕೂಗುವುದನ್ನು ನಿಲ್ಲಿಸಲಿಲ್ಲ. ಅದರ ಮೇಲೆ ಹಳದಿ ದೀಪ ಉರಿಯುತ್ತಿತ್ತು. ಮಾಸ್ತರರ ಕಣ್ಣು ಹೆಂಡತಿಯ ಮೇಲೆ, ಪ್ರಣಿತಾಳ ಕಣ್ಣು ದೀಪದ ಮೇಲೆ. ಹೊಸದಾಗಿ ಚಾಲೂ ಆದಾಗ ಗಾಳಿಯನ್ನು ಸೋಸಿ ಹದಕ್ಕೆ ತರಲು ಅದಕ್ಕೆ ಸ್ವಲ್ಪ ಹೊತ್ತು ಬೇಕು, ಅದು ಅವಳಿಗೆ ಗೊತ್ತು. ಗೊತ್ತಿದ್ದರೂ ಆ ನಾಲ್ಕು ನಿಮಿಷ ಅವಳು ಒಂದು ಕೈಯನ್ನು ಸಿಲಿಂಡರಿನ ಮೇಲೇ ಇಟ್ಟಿದ್ದಳು. ಕೊನೆಗೆ ಕೂಗು ನಿಂತು, ದೀಪ ಹಸಿರಿಗೆ ತಿರುಗಿತು. ಅವಳು ಸಿಲಿಂಡರಿನಿಂದ ನಳಿಗೆ ಬಿಡಿಸಿ ಮಷೀನಿಗೆ ಸಿಕ್ಕಿಸಿದಳು.

ರಾಧಾಬಾಯಿ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರು. ಇನ್ನೊಂದು. ಬೆಳಿಗ್ಗೆಯಿಂದ ಉಳಿತಾಯ ಮಾಡಲೆಂದು ಮಾಸ್ತರರು ಸಿಲಿಂಡರಿನ ವಾಲ್ವನ್ನು ಒಂದು ಗೆರೆ ಕಡಿಮೆ ಇಟ್ಟಿದ್ದರು. ಅದು ರಾಧಾಬಾಯಿಗೂ ತಿಳಿದಿತ್ತು, ಆದರೆ ಗಂಡಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

“ಈ ಕಿಟಕಿ ಮುಚ್ಚಬೇಕೇನವಾ?” ಎಂದು ಕೇಳಿದರು ರಾಧಾಬಾಯಿ, ಕಣ್ಣು ಬಿಟ್ಟು.

“ಬ್ಯಾಡ್ರಿ ಅಮ್ಮಾರ. ಹಿತ್ತಲ ಕಡೀದು ಅಷ್ಟ ಮುಚ್ಚತೇನಿ. ಇದು ತೆರೆದ ಇರಲಿ.”

ಫ್ರಿಜ್ಜೂ ಎದ್ದಿತು. ಪ್ರಣಿತಾ ಒಂದು ತಾಸು ಕುಳಿತು ನೋಡಿದಳು. ಮಾಸ್ತರರು ಹಿತ್ತಲ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕ್ರಮವನ್ನು ಬರೆದರು, ಒಂದು, ಎರಡು, ಮೂರು. ಐದರ ಹೊತ್ತಿಗೆ ಓಣಿಯವರಿಗೆಲ್ಲ ಸುದ್ದಿ ಮುಟ್ಟಿತ್ತು. ಮೊದಲು ಬಂದವಳು ಎದುರು ಮನೆಯ ಸಾವಂತ್ರೆವ್ವ, ಕೈಯಲ್ಲಿ ಮೊಬೈಲು, ಬಗಲಲ್ಲಿ ಮಿಕ್ಸರು.

“ಮೊಬೈಲ್ ಇಟ್ಟು ಹೋಗು, ಸಾವಂತ್ರೆವ್ವ. ಅದು ಹತ್ತು ವಾಟ್. ಮಿಕ್ಸರ್ ಆಗಂಗಿಲ್ಲ,” ಎಂದರು ಮಾಸ್ತರರು.

“ಖಾರಾ ಅರಿಯೋದಷ್ಟರೀ, ಎರಡ ನಿಮಿಷ.”

“ಎರಡು ನಿಮಿಷದ್ದಲ್ಲ ಪ್ರಶ್ನೆ. ಮೋಟರ್ ನಿಂತದ್ದು ಏಳೂ ಮುಂದ ಮೂರು ಪಟ್ಟು ಕೇಳತದ. ಹೇರಿನ ಗಾಡಿ ಕೆಸರಾಗಿಂದ ಮ್ಯಾಲೆ ಏಳಬೇಕಾದ್ರ ಎತ್ತು ಹ್ಯಾಂಗ ಮಣಕಾಲ ಊರತಾವ?” ಅವರು ಬೆರಳೆತ್ತಿ ನಿಂತಿದ್ದರು. “ಹಂಗ.”

ಸಾಮಾನಿನ ಚೀಲ ಕಟ್ಟುತ್ತಿದ್ದ ಪ್ರಣಿತಾ ಮುಖ ಆಚೆ ತಿರುಗಿಸಿ ನಕ್ಕಳು.

ಅವಳು ಟಂಟಂ ಹತ್ತುವ ಹೊತ್ತಿಗೆ ರಾಧಾಬಾಯಿಯ ಕಿಟಕಿಯ ಕಟ್ಟೆಯ ಮೇಲೆ ಒಂಬತ್ತು ಮೊಬೈಲುಗಳು ಸಾಲಾಗಿ ಕುಳಿತಿದ್ದವು. ಒಂದು ರಿಂಗಣಿಸತೊಡಗಿತು. ರಾಧಾಬಾಯಿ ಅದನ್ನೆತ್ತಿ, ದೂರ ಹಿಡಿದು ಹೆಸರು ಓದಲು ನೋಡಿ, ಆಗದೆ ಕಿವಿಗಿಟ್ಟುಕೊಂಡರು.

“ಇಲ್ಲವಾ, ನಾ ನಿಮ್ಮವ್ವ ಅಲ್ಲ, ಎದುರ ಮನಿ ರಾಧಾಬಾಯಿ ಮಾತಾಡ್ಲಿಕ್ಕೆ ಹತ್ತೇನಿ. ನಿಮ್ಮವ್ವ ಖಾರಾ ಒರಳಾಗ ಅರೀಲಿಕ್ಕೆ ಹೋಗ್ಯಾಳ. ಹೇಳ್ತೇನಿ, ಹೇಳ್ತೇನಿ. ನೀ ಎಲ್ಲಿಂದ, ಕಟಕೋಳದಿಂದೇನು? ಅಲ್ಲೆ ಮಳಿ ಆತೇನವಾ?”

ಅಷ್ಟನ್ನೂ ಅವರು ಎಲ್ಲೂ ತಡೆಯದೆ ಹೇಳಿದರು. ಆಮೇಲೆ ದಿಂಬಿಗೆ ಒರಗಿ, ಕಾಲು ಚಾಚಿಕೊಂಡು, ಕಟಕೋಳದ ಮಳೆಯ ಸುದ್ದಿಯನ್ನು ಸಾವಕಾಶವಾಗಿ ಕೇಳುತ್ತ ಕುಳಿತರು.